ತೂಕಕ್ಕಿಂತ ಮೊದಲೇ ಬಲ ಕಳೆದುಕೊಳ್ಳುವ ಪೈನ್ ಮರ

ಪೈನ್ ಮರದ ತೊಲೆಯ ಬಣ್ಣ ನೋಡಿ, ಒಮ್ಮೆ ತಟ್ಟಿ, ಅದು ಗಟ್ಟಿಯಾಗಿದೆ ಎಂದು ತೀರ್ಮಾನಿಸುವ ರೂಢಿ ಅಪಾಯಕಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಶಿಲೀಂಧ್ರ ತಗುಲಿದ ಮರದಲ್ಲಿ ಮೊದಲು ಕುಸಿಯುವುದು ಬಲ. ತೂಕ ಮತ್ತು ರೂಪ ಕೆಡುವುದು ಆಮೇಲೆ.

ಇದರ ಕಾರಣ ಕೋಶಭಿತ್ತಿಯ ರಚನೆಯಲ್ಲಿದೆ. ಸೆಲ್ಯುಲೋಸಿನ ಉದ್ದನೆಯ ಸರಪಳಿಗಳು ಎಳೆತವನ್ನು ತಾಳುತ್ತವೆ, ಲಿಗ್ನಿನ್ ಬಿಗಿತ ಕೊಡುತ್ತದೆ, ಇವೆರಡರ ನಡುವೆ ಹೆಮಿಸೆಲ್ಯುಲೋಸ್ ಬೆಸುಗೆಯಾಗಿ ನಿಲ್ಲುತ್ತದೆ. ಪೈನ್‌ನಂತಹ ಸೂಚಿಪರ್ಣಿ ಮರಗಳನ್ನು ಹೆಚ್ಚಾಗಿ ಕಾಡುವುದು, ಮರವನ್ನು ಕಂದು ಬಣ್ಣಕ್ಕೆ ತಿರುಗಿಸುವ ‘ಕಂದು ಕೊಳೆತ’ದ ಶಿಲೀಂಧ್ರಗಳು. ಅವುಗಳ ಕಿಣ್ವಗಳು ಕೆಡದ ಕೋಶಭಿತ್ತಿಯ ಸೂಕ್ಷ್ಮ ರಂಧ್ರಗಳಲ್ಲಿ ನುಗ್ಗಲಾರದಷ್ಟು ದೊಡ್ಡವಾದ್ದರಿಂದ, ಶಿಲೀಂಧ್ರವು ಮೊದಲು ಕಬ್ಬಿಣದ ಅಯಾನು ಮತ್ತು ಹೈಡ್ರೋಜನ್ ಪೆರಾಕ್ಸೈಡ್‌ಗಳ ಪ್ರತಿಕ್ರಿಯೆಯಿಂದ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ. ಈ ಪುಟ್ಟ, ಉಗ್ರ ಕಣಗಳು ಸರಪಳಿಗಳನ್ನು ಅಲ್ಲಲ್ಲಿ ಕಡಿದುಹಾಕುತ್ತವೆ. ತುಂಡುಗಳು ಮರದೊಳಗೇ ಉಳಿಯುವುದರಿಂದ ತೂಕ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಹುರಿಹಗ್ಗದ ಎಳೆಗಳನ್ನು ಒಳಗೊಳಗೇ ಕತ್ತರಿಸಿದರೂ ಹಗ್ಗ ಹಗುರವಾಗುವುದಿಲ್ಲವಲ್ಲ, ಹಾಗೆ. ತೂಕ ಶೇ. 5ರಿಂದ 10ರಷ್ಟು ಇಳಿಯುವ ಹೊತ್ತಿಗೆ ಬಾಗುವಿಕೆಯನ್ನು ತಾಳುವ ಬಲ ಅರ್ಧಕ್ಕಿಂತಲೂ ಕೆಳಗೆ ಕುಸಿದಿರಬಹುದು. ಹಠಾತ್ ಹೊಡೆತವನ್ನು ತಾಳುವ ಗುಣವಂತೂ ಅದಕ್ಕೂ ಮೊದಲೇ ಹೋಗಿರುತ್ತದೆ. ಘನಾಕಾರದ ಬಿರುಕುಗಳು ಕಾಣಿಸಿಕೊಂಡಾಗ ಬಲದ ಪ್ರಶ್ನೆಯೇ ಉಳಿದಿರುವುದಿಲ್ಲ.

ಕೊಳೆತದ ಇನ್ನೊಂದು ಬಗೆಯಾದ ಬಿಳಿ ಕೊಳೆತವು ಲಿಗ್ನಿನ್ನನ್ನೂ ತಿನ್ನುತ್ತದೆಯಾದರೂ ಸೆಲ್ಯುಲೋಸನ್ನು ಇಷ್ಟು ಬೇಗ ತುಂಡರಿಸುವುದಿಲ್ಲ. ಪೈನ್ ಹಲಗೆಗಳಲ್ಲಿ ಸಾಮಾನ್ಯವಾದ ನೀಲಿ ಕಲೆಯ ಶಿಲೀಂಧ್ರವು ಮುಖ್ಯವಾಗಿ ಕೋಶಗಳಲ್ಲಿ ಸಂಗ್ರಹವಾದ ಆಹಾರವನ್ನು ಉಣ್ಣುವುದರಿಂದ ಬಾಗುವಿಕೆಯ ಬಲಕ್ಕೆ ಹೆಚ್ಚಿನ ಧಕ್ಕೆಯಾಗದು. ಆದರೂ ನೀಲಿ ಕಲೆ ಕಂಡರೆ ಮರದಲ್ಲಿ ಒಮ್ಮೆ ಸಾಕಷ್ಟು ತೇವವಿತ್ತು ಎಂದೇ ತಿಳಿಯಬೇಕು, ಮತ್ತು ಅಲ್ಲಿ ಕೊಳೆತವನ್ನೂ ಹುಡುಕಬೇಕು.

ಕೊಳೆತಕ್ಕೆ ನೀರು ಬೇಕೇ ಬೇಕು. ಮರದ ತೇವಾಂಶ ಸುಮಾರು ಶೇ. 30ನ್ನು ತಲುಪಿದರೆ ಶಿಲೀಂಧ್ರ ಸುಲಭವಾಗಿ ಬೆಳೆಯುತ್ತದೆ, ಶೇ. 20ಕ್ಕಿಂತ ಕೆಳಗೆ ಇಟ್ಟರೆ ಮರ ಸುರಕ್ಷಿತ. ತೊಗಟೆಯ ಪಕ್ಕದ ಬಿಳಿಯ ಭಾಗ ಬೇಗ ಕೊಳೆಯುತ್ತದೆ, ರಾಳ ತುಂಬಿದ ಒಳತಿರುಳಾದ ಚೇಗು ಸ್ವಲ್ಪ ಹೆಚ್ಚು ಕಾಲ ತಡೆಯುತ್ತದೆ. ನೆನೆದ ಮರವನ್ನು ಒಣಗಿಸಿದರೆ ಶಿಲೀಂಧ್ರದ ಬೆಳವಣಿಗೆ ನಿಲ್ಲುತ್ತದೆ, ಆದರೆ ಕಡಿದುಹೋದ ಸರಪಳಿಗಳು ಮತ್ತೆ ಕೂಡುವುದಿಲ್ಲ, ಆದ್ದರಿಂದ ಒಣಗಿದ ತೊಲೆಗೆ ಹಳೆಯ ಭಾರವನ್ನೇ ಹೊರಿಸುವುದು ಸರಿಯಲ್ಲ.

ಪರೀಕ್ಷೆಗೆ ಚೂಪಾದ ದಬ್ಬಳವೊಂದು ಸಾಕು. ತೊಲೆ ಗೋಡೆಯೊಳಗೆ ಸೇರುವ ತುದಿ, ಕೀಲುಗಳು, ಮೊಳೆ ಹೊಡೆದ ಜಾಗ, ಇಲ್ಲೆಲ್ಲ ಅದನ್ನು ಎಳೆಗೆ ಅಡ್ಡಲಾಗಿ ಚುಚ್ಚಿ ಮೇಲಕ್ಕೆ ಮೀಟಬೇಕು. ಉದ್ದನೆಯ ಸಿಬಿರು ಚಟ್ಟೆಂದು ಎದ್ದರೆ ಮರ ಚೆನ್ನಾಗಿದೆ. ಸದ್ದಿಲ್ಲದೆ ಗಿಡ್ಡ ಚೂರಾಗಿ ಮುರಿದರೆ, ಮೇಲ್ಮೈ ಎಷ್ಟೇ ಹೊಳೆಯುತ್ತಿರಲಿ, ಕಂದು ಕೊಳೆತ ಅಲ್ಲಿ ಕೆಲಸ ಆರಂಭಿಸಿರುವ ಸಾಧ್ಯತೆ ಹೆಚ್ಚು.