“ಗಾಡಿಗೆ ಏನೇನು ಹಾಕಿಸಬೇಕು?” – ರಾಯದುರ್ಗದ ಬಂಡೆ ದಾರಿಗೆ ಬರುವವರಿಗೆ ನಮ್ಮ ಉತ್ತರ

ಗೆಳೆಯರನ್ನು ಕಟ್ಟಿಕೊಂಡು ನಮ್ಮ ರಾಯದುರ್ಗ, ಕಣೇಕಲ್ಲು ಕಡೆ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಹೋಗುವ ಗಾಡಿ) ಓಡಿಸಲು ಬರುವವರೆಲ್ಲ ಮೊದಲು ಕೇಳುವುದು ಇದನ್ನೇ: ಗಾಡಿಗೆ ಏನೇನು ಹಾಕಿಸಬೇಕು? ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಮೋಟಾರು ರಾಟೆ) ಬೇಕಾ, ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಬೇಕಾ, ದೊಡ್ಡ ಟೈರ್ ಬೇಕಾ? ಹಾಕಿಸುವ ಮಾತು ಆಮೇಲೆ ಆಡೋಣ. ಮೊದಲು ಟೈರಿನ ಗಾಳಿ ಇಳಿಸುವುದನ್ನು ಕಲಿಯಿರಿ, ವಾಪಸ್ ತುಂಬಲು ಒಂದು ಒಳ್ಳೆಯ ಕಂಪ್ರೆಸರ್ ಕೊಳ್ಳಿ. ಲೋ ರೇಂಜ್ (ನಿಧಾನಕ್ಕೆ ಹೆಚ್ಚು ಬಲದಿಂದ ಹೋಗಲು ಇರುವ ಇನ್ನೊಂದು ಗೇರು ಸಾಲು) ಇರುವ ಥಾರ್, ಜಿಮ್ನಿ, ಗೂರ್ಖಾ ಕಂಪನಿಯಿಂದ ಬಂದ ಹಾಗೇ ಇದ್ದರೂ ಇಲ್ಲಿಯ ಬಹುತೇಕ ದಾರಿಗೆ ಸಾಕು.

ಆಂಧ್ರದ ಈ ಅನಂತಪುರ ಸೀಮೆ ಮಳೆ ಕಂಡದ್ದೇ ಕಡಿಮೆ. ಗುಡ್ಡದ ಬುಡದಲ್ಲಿ ಗ್ರಾನೈಟಿನ ಹಾಸುಬಂಡೆ, ಗುಂಡುಗಳು, ಅವುಗಳ ನಡುವೆ ಕಾಲಿಟ್ಟರೆ ಜಾರುವ ಗರಸು. ಕಣೇಕಲ್ಲು, ಬೊಮ್ಮನಹಾಳದ ಕಡೆ ಹೋದರೆ ಹಗರಿ ಹೊಳೆಯ ಮರಳು ಗಾಳಿಗೆ ಎದ್ದು ಹೊಲದವರೆಗೂ ಬಂದು ದಿಬ್ಬಗಟ್ಟಿದೆ. ಒಂದೇ ದಿನದಲ್ಲಿ ಕಲ್ಲೂ ಮರಳೂ ಎರಡೂ ಸಿಗುತ್ತವೆ, ಎರಡಕ್ಕೂ ಬೇಕಾದ ಗಾಳಿ ಬೇರೆ ಬೇರೆ.

ಟೈರಿನ ಗಾಳಿಯ ಒತ್ತಡವನ್ನು ಪಿಎಸ್‌ಐ ಲೆಕ್ಕದಲ್ಲಿ ಅಳೆಯುತ್ತಾರೆ. ಡಾಂಬರು ರಸ್ತೆಗೆ 30–32 ಪಿಎಸ್‌ಐ ಇದ್ದರೆ, ಬಂಡೆಗೆ 18ರಿಂದ 20, ಮರಳಿಗೆ 15–16. ಗಾಳಿ ಇಳಿದ ಟೈರು ಉದ್ದಕ್ಕೆ ನೆಲ ಕಚ್ಚುತ್ತದೆ, ಕಲ್ಲಿನ ಮೂಲೆಯನ್ನು ಒತ್ತಿಕೊಂಡು ಅದರ ಆಕಾರಕ್ಕೆ ಬಾಗುತ್ತದೆ. ಗಟ್ಟಿ ಟೈರು ಅದೇ ಮೂಲೆಯ ಮೇಲೆ ಪುಟಿದು ಜಾರುತ್ತದೆ, ಆ ಏಟು ಸಸ್ಪೆನ್ಷನ್‌ಗೆ ಹೋಗುತ್ತದೆ. ಹಾಗಂತ ಬಂಡೆಯಲ್ಲೂ 15ಕ್ಕೆ ಇಳಿಸಬೇಡಿ. ಟೈರಿನ ಹೊಟ್ಟೆ ಹೊರಗೆ ಉಬ್ಬಿದಷ್ಟೂ ಕಲ್ಲಿನ ಅಂಚಿಗೆ ಸಿಗುವುದು ಪಕ್ಕದ ಗೋಡೆಯೇ. ಅಲ್ಲಿ ಸೀಳಿದರೆ ತೂತಿಗೆ ತುರುಕುವ ಪಂಕ್ಚರ್ ಬತ್ತಿಯಿಂದ ಏನೂ ಆಗುವುದಿಲ್ಲ, ಸ್ಟೆಪ್ನಿಯೇ ಗತಿ. ಮರಳಿನಲ್ಲಿ 15ಕ್ಕಿಂತ ಕೆಳಗೆ ಹೋಗಿ ಜೋರಾಗಿ ಸ್ಟೇರಿಂಗ್ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು.

ಒಂದು ಟೈರನ್ನು 30ರಿಂದ 18ಕ್ಕೆ ತರಲು ಎಷ್ಟು ಹೊತ್ತು ಬೇಕೆಂದು ಗೇಜಿಟ್ಟು ನೋಡಿಕೊಳ್ಳಿ, ಉಳಿದ ಮೂರಕ್ಕೂ ಅಷ್ಟೇ ಹೊತ್ತು ಬಿಟ್ಟು ಕೊನೆಗೊಮ್ಮೆ ಅಳೆಯಿರಿ. ಬಿಸಿಲೇರಿದಂತೆ ಟೈರಿನೊಳಗಿನ ಒತ್ತಡವೂ ಏರುತ್ತದೆ (ಇಳಿಸಿದ ಗಾಳಿಯಲ್ಲಿ ಎಂಟ್ಹತ್ತು ಡಿಗ್ರಿಗೆ ಸುಮಾರು 1 ಪಿಎಸ್‌ಐ), ಹಾಗಾಗಿ ಮಧ್ಯಾಹ್ನ ಮತ್ತೊಮ್ಮೆ ಗೇಜು ಹಿಡಿಯಬೇಕು. ಇಳಿಸಿದ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟೈರು ಒಳಗಿಂದಲೇ ಬೇಯುತ್ತದೆ. ಡಾಂಬರು ಹತ್ತುವ ಮೊದಲು ತುಂಬಲೇಬೇಕು. ಕಂಪ್ರೆಸರ್ ಬ್ಯಾಟರಿಗೆ ನೇರ ಕ್ಲಿಪ್ ಹಾಕುವಂಥದ್ದಾಗಿರಲಿ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಚಿಕ್ಕದು ಎರಡನೇ ಟೈರಿಗೆಲ್ಲ ಕಾದು ನಿಂತುಹೋಗುತ್ತದೆ, ಇಲ್ಲವೇ ಫ್ಯೂಸ್ ಸುಡುತ್ತದೆ. ತುಂಬುವಾಗ ಇಂಜಿನ್ ಆನ್ ಇರಲಿ.

ಇಲ್ಲಿಯ ಹೆಚ್ಚಿನ ಪಂಕ್ಚರಿಗೆ ಕಾರಣ ಕಲ್ಲಲ್ಲ, ಬಳ್ಳಾರಿ ಜಾಲಿ. ಕಡಿದು ಹಾಕಿದ ಒಣ ಕೊಂಬೆಯ ಮುಳ್ಳು ಕಬ್ಬಿಣದಷ್ಟು ಗಟ್ಟಿ. ಟೈರಿನಲ್ಲಿ ಮುಳ್ಳು ಕಂಡ ಕೂಡಲೇ ಕೀಳಬೇಡಿ, ಎಷ್ಟೋ ಸಲ ಅದೇ ತೂತು ಮುಚ್ಚಿಕೊಂಡಿರುತ್ತದೆ. ಬತ್ತಿಗೆ ಅಂಟು ಬಳಿದು ಸೂಜಿಗೆ ಪೋಣಿಸಿ ಸಿದ್ಧ ಮಾಡಿಕೊಂಡು ಆಮೇಲೆ ಕೀಳಿ. ಹತ್ತು ಬತ್ತಿ, ನಾಲ್ಕೈದು ವಾಲ್ವ್ ಪಿನ್, ಪಿನ್ ತಿರುಗಿಸುವ ಕೀ ಜೊತೆಗಿರಲಿ.

ಇನ್ನು ಓಡಿಸುವುದು. ಹೊರಡುವ ಮೊದಲು ಗಾಡಿಯ ಕೆಳಗೆ ಮಲಗಿ ಡಿಫರೆನ್ಷಿಯಲ್ ಗುಂಡು (ಎರಡು ಚಕ್ರಗಳ ನಡುವೆ ಬಲ ಹಂಚುವ ಗೇರುಗಳ ಉಬ್ಬು ಡಬ್ಬಿ) ಯಾವ ಕಡೆಗಿದೆ ಅಂತ ಕಣ್ಣಾರೆ ನೋಡಿ. ನೆಲಕ್ಕೆ ಹತ್ತಿರ ಇರುವುದು ಅದೇ. ಥಾರ್‌ನ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಎತ್ತರ) 226 ಮಿ.ಮೀ., ಜಿಮ್ನಿಯದು 210. ಅಷ್ಟೆತ್ತರದ ಕಲ್ಲನ್ನು ಎರಡು ಚಕ್ರಗಳ ನಡುವೆ ತೆಗೆದುಕೊಂಡು ಹೋಗುವುದೇ ಎಲ್ಲರೂ ಮಾಡುವ ತಪ್ಪು. ಕಲ್ಲಿನ ಮೇಲೆ ಚಕ್ರವನ್ನೇ ಹತ್ತಿಸಿ, ಗಾಡಿ ಪೂರ್ತಿ ಮೇಲೇಳುತ್ತದೆ, ಹೊಟ್ಟೆ ಉಳಿಯುತ್ತದೆ. ಲೋ ರೇಂಜ್, ಫಸ್ಟ್ ಗೇರ್, ಕ್ಲಚ್ ಮೇಲೆ ಕಾಲಿಡಬೇಡಿ. ಇಳಿಜಾರಿನಲ್ಲೂ ಅದೇ ಗೇರು, ಇಂಜಿನ್ನೇ ಹಿಡಿದುಕೊಳ್ಳುತ್ತದೆ. ಹೆಬ್ಬೆರಳು ಸ್ಟೇರಿಂಗ್ ಚಕ್ರದ ಹೊರಗಿರಲಿ. ಮುಂದಿನ ಚಕ್ರ ಕಲ್ಲಿಗೆ ಬಡಿದಾಗ ಸ್ಟೇರಿಂಗ್ ಸರ್ರನೆ ತಿರುಗಿ ಬೆರಳು ಮುರಿದೀತು. ಒಣ ಹಾಸುಬಂಡೆಯ ಮೇಲೆ ಫೋರ್ ಬೈ ಫೋರ್ ಹಾಕಿಕೊಂಡು ಬಿಗಿಯಾಗಿ ತಿರುಗಿಸಿದರೆ ಗಾಡಿ ಹಿಡಿದುಕೊಂಡಂತಾಗುತ್ತದೆ. ಈ ಗಾಡಿಗಳಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ನಡುವಿನ ಡಿಫರೆನ್ಷಿಯಲ್ ಇಲ್ಲ, ಟೈರು ಜಾರಲು ಜಾಗವಿಲ್ಲದಿದ್ದರೆ ಒತ್ತಡವೆಲ್ಲ ಗೇರುಗಳ ಮೇಲೆ. ಸ್ವಲ್ಪ ರಿವರ್ಸ್ ತೆಗೆದುಕೊಂಡರೆ ಸಡಿಲವಾಗುತ್ತದೆ.

ದಾರಿ ತೋರಿಸುವವರು ಒಬ್ಬರೇ ಇರಲಿ. ನಾಲ್ಕು ಜನ ಗೆಳೆಯರು ನಾಲ್ಕು ದಿಕ್ಕಿನಿಂದ “ಲೆಫ್ಟ್, ರೈಟ್” ಎಂದು ಕೂಗುವ ಕಡೆಯೇ ಬಂಪರ್ ಹೋಗುವುದು. ಆ ಒಬ್ಬರು ಡ್ರೈವರಿಗೆ ಕಾಣುವಂತೆ ದೂರದಲ್ಲಿ ನಿಲ್ಲಬೇಕು, ಗಾಡಿಗೂ ಬಂಡೆಗೂ ನಡುವೆ ಅಥವಾ ಇಳಿಜಾರಿನ ಕೆಳಗಡೆ ಎಂದೂ ನಿಲ್ಲಬಾರದು.

ವಿಂಚ್‌ಗಿಂತ ಮೊದಲು ಬೇಕಾದ್ದು ಎರಡನೇ ಗಾಡಿ. ಒಂಟಿ ಗಾಡಿಯಲ್ಲಿ ಬರಲೇಬೇಡಿ. 9 ಮೀಟರಿನ ನೈಲಾನ್ ಕೈನೆಟಿಕ್ ಹಗ್ಗ (ಎಳೆದಾಗ ಹಿಗ್ಗುವ, ಗಾಡಿ ತೂಕದ ಮೂರು ಪಟ್ಟು ತಡೆಯುವಂಥದ್ದು), 4.75 ಟನ್ನಿನ ಎರಡು ಬಿಲ್ಲು ಶ್ಯಾಕಲ್ (ಹಗ್ಗ ಸಿಕ್ಕಿಸುವ ಕೊಂಡಿ) ಇದ್ದರೆ ಮರಳಿನಿಂದ ಎಳೆಯಬಹುದು. ಹಗ್ಗವನ್ನು ಟ್ರೇಲರ್ ಸಿಕ್ಕಿಸುವ ಟೋ ಬಾಲ್‌ಗೆ ಸಿಕ್ಕಿಸಲೇಬಾರದು. ಆ ಬಾಲ್ ಕಿತ್ತು ಬಂದರೆ ಗುಂಡಿನಂತೆ ಹಾರಿ ಆಳನ್ನು ಕೊಲ್ಲುತ್ತದೆ. ಎಳೆಯುವಾಗ ಉಳಿದವರು ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದಲ್ಲಿರಲಿ.

ಹೊಟ್ಟೆ ಕಲ್ಲಿನ ಮೇಲೆ ಕೂತಾಗ ಮಾತ್ರ ಈ ಹಗ್ಗದ ಜಗ್ಗಾಟ ಬೇಡ, ಡಿಫರೆನ್ಷಿಯಲ್ ಕವರ್ ಒಡೆದು ಎಣ್ಣೆಯೆಲ್ಲ ಹೋದೀತು. ಒಂದಡಿ ಚೌಕದ ದಪ್ಪ ಹಲಗೆಯ ಮೇಲೆ ಬಾಟಲ್ ಜಾಕ್ ಇಟ್ಟು ಚಕ್ರವನ್ನು ಎತ್ತಿ, ಅಡಿಯಲ್ಲಿ ಕಲ್ಲು ಜೋಡಿಸಿ, ಮೆಲ್ಲಗೆ ದಾಟಿಸಿ. ಹಲಗೆ ಇಲ್ಲದಿದ್ದರೆ ಗರಸಿನಲ್ಲಿ ಜಾಕೇ ಇಳಿಯುತ್ತದೆ. ಜಾಕಿನ ಮೇಲಿರುವ ಗಾಡಿಯ ಅಡಿಗೆ ಮೈ ತೂರಿಸಬೇಡಿ.

ಬರುವುದಾದರೆ ನವೆಂಬರ್‌ನಿಂದ ಫೆಬ್ರವರಿಯೊಳಗೆ ಬನ್ನಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಲೋ ರೇಂಜಿನಲ್ಲಿ ನಿಧಾನ ಹೋಗುವ ಇಂಜಿನ್ನಿಗೆ ಗಾಳಿಯೂ ಸಿಗುವುದಿಲ್ಲ. ಆಳಿಗೆ ದಿನಕ್ಕೆ 5 ಲೀಟರ್ ನೀರು, ರೇಡಿಯೇಟರಿಗೆ ಬೇರೆ. ಮಳೆ ಬಿದ್ದ ಮಾರನೇ ದಿನ ಎರೆ ಹೊಲದ ದಾರಿಗೆ ಇಳಿಯಬೇಡಿ. ಎರೆ ಮಣ್ಣು ಟೈರಿನ ಪಟ್ಟಿಯೊಳಗೆ ತುಂಬಿಕೊಂಡರೆ ಫೋರ್ ಬೈ ಫೋರ್ ಇದ್ದೂ ಇಲ್ಲದಂತೆ.

ಮತ್ತೆ ಒಂದು ವಿಷಯ, ಇದನ್ನು ಕೈಮುಗಿದು ಹೇಳುತ್ತೇವೆ. ಶೇಂಗಾ ಹೊಲದ ಬದುವಿನ ಮೇಲೆ ಗಾಡಿ ಹತ್ತಿಸಬೇಡಿ. ಇಲ್ಲಿ ಬೀಳುವ ಚೂರುಪಾರು ಮಳೆಯನ್ನು ಹೊಲದಲ್ಲಿ ನಿಲ್ಲಿಸುವುದೇ ಆ ಬದು, ಚಕ್ರದ ಗುರುತು ಬಿದ್ದ ಕಡೆಯೇ ನೀರು ಕೊರೆದು ಹೋಗುತ್ತದೆ. ರೈತರನ್ನು “ಅಣ್ಣಾ, ಈ ದಾರೀಲಿ ಹೋಗಬಹುದಾ?” ಎಂದು ಕನ್ನಡದಲ್ಲೇ ಕೇಳಿ, ದಾರಿಯನ್ನೂ ತೋರಿಸುತ್ತಾರೆ, ನೀರನ್ನೂ ಕೊಡುತ್ತಾರೆ. ಮೀಸಲು ಅರಣ್ಯದ ಗುಡ್ಡಗಳಿಗೆ ಅನುಮತಿ ಇಲ್ಲದೆ ಗಾಡಿ ಒಯ್ಯುವಂತಿಲ್ಲ, ಕೋಟೆ ಬೆಟ್ಟವಂತೂ ಕಾಲ್ನಡಿಗೆಯಲ್ಲೇ ಹತ್ತಬೇಕಾದ್ದು.

ಸಂಜೆ ಗಾಳಿ ತುಂಬಿದ ಮೇಲೆ ಟೈರಿನ ಒಳಗೋಡೆಗೆ (ಗಾಡಿಯ ಅಡಿಯ ಕಡೆಗಿರುವ ಪಕ್ಕಕ್ಕೆ) ಟಾರ್ಚ್ ಹಿಡಿದು ಕೈಯಾಡಿಸಿ. ಹೊರಗಿನ ಸೀಳು ಯಾರಿಗೂ ಕಾಣುತ್ತದೆ, ಒಳಗಿನದು ಹೆದ್ದಾರಿಯಲ್ಲಿ 80ರ ವೇಗದಲ್ಲಿದ್ದಾಗ ಗೊತ್ತಾಗುತ್ತದೆ. ಚಕ್ರದ ನಟ್ಟುಗಳನ್ನೂ ಒಮ್ಮೆ ಬಿಗಿ ಮಾಡಿಕೊಂಡು ಹೊರಡಿ.