301ರ ಮೇಲಿನ ಊರುಗಳು: ದಂಡದ ದುಡ್ಡು ಯಾರ ಖಜಾನೆಗೆ?

16 ನವೆಂಬರ್ 2025, ಭಾನುವಾರ

ಅಮೆರಿಕದಲ್ಲಿ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆ ಹತ್ತಿರ ಬಂತು. ಉತ್ತರ ಫ್ಲೋರಿಡಾದಲ್ಲಿ ಜ್ಯಾಕ್ಸನ್‌ವಿಲ್ ಕಡೆಯಿಂದ ಗೇನ್ಸ್‌ವಿಲ್‌ಗೋ ಒಕಾಲಕ್ಕೋ ಹೊರಟವರು ಯುಎಸ್ 301 ಹೆದ್ದಾರಿ ಹಿಡಿಯುತ್ತಾರೆ. ಗೇನ್ಸ್‌ವಿಲ್‌ನಲ್ಲಿರುವ ವಿಶ್ವವಿದ್ಯಾಲಯದಲ್ಲಿ ಓದುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೂ ವಿಮಾನ ನಿಲ್ದಾಣಕ್ಕೆ ಹೋಗಿಬರುವ ದಾರಿಗಳಲ್ಲಿ ಇದೊಂದು. ಲಾಟಿ, ಸ್ಟಾರ್ಕ್, ಹ್ಯಾಂಪ್ಟನ್, ವಾಲ್ಡೊ ಊರುಗಳು ಈ ರಸ್ತೆಯ ಮೇಲೋ ಅದಕ್ಕೆ ತಗುಲಿಕೊಂಡೋ ಇವೆ. ಅಮೆರಿಕದ ವಾಹನ ಸವಾರರ ಸಂಘ ಎಎಎ ತೊಂಬತ್ತರ ದಶಕದಲ್ಲಿ ಲಾಟಿ ಮತ್ತು ವಾಲ್ಡೊಗಳಿಗೆ 'ಟ್ರಾಫಿಕ್ ಟ್ರ್ಯಾಪ್' (ವೇಗ ಮೀರಿದವರನ್ನು ಹಿಡಿದು ದಂಡ ಎತ್ತುವ ಬಲೆ) ಎಂದು ಹೆಸರಿಟ್ಟು, ಊರಿಗೆ ಮೊದಲೇ ಹೆದ್ದಾರಿ ಪಕ್ಕ ಎಚ್ಚರಿಕೆಯ ದೊಡ್ಡ ಫಲಕಗಳನ್ನೇ ನಿಲ್ಲಿಸಿತ್ತು.

ಊರೊಳಗೆ ನಿಧಾನ ಹೋಗಬೇಕು ಎನ್ನುವುದರಲ್ಲಿ ನನಗೆ ಎಳ್ಳಷ್ಟೂ ತಕರಾರಿಲ್ಲ. ಎಎಎ ಪ್ರತಿಷ್ಠಾನದ 2011ರ ಅಧ್ಯಯನದ ಲೆಕ್ಕ ನೋಡಿ. ಗಂಟೆಗೆ 23 ಮೈಲಿ ವೇಗದ ಕಾರು ಬಡಿದರೆ ಪಾದಚಾರಿ ಸಾಯುವ ಸಂಭವ ಸರಾಸರಿ ಶೇ. 10. 32 ಮೈಲಿಗೆ ಅದು ಶೇ. 25, 42ಕ್ಕೆ ಶೇ. 50, 58ಕ್ಕೆ ಶೇ. 90. ಮನೆ, ಅಂಗಡಿ, ಶಾಲೆ ಇರುವ ಕಡೆ 35ರ ಮಿತಿ ಹಾಕಿ ಬಿಗಿಯಾಗಿ ಪಾಲಿಸುವಂತೆ ಮಾಡುವುದು ಅಲ್ಲಿಯ ಜನರ ಹಕ್ಕು. ನನ್ನ ತಕರಾರು ಬೇರೆ. ಹಿಡಿಯುವವರ ಸಂಬಳ ಹಿಡಿದ ದಂಡದಿಂದಲೇ ಬರುವಂತಾದರೆ ಆ ಬಿಗಿ ಸುರಕ್ಷತೆಯ ಕಡೆಯಿಂದ ಸರಿದು ವಸೂಲಿಯ ಕಡೆ ವಾಲುತ್ತದೆ. ಎಷ್ಟು ಸಾವು ತಪ್ಪಿತು ಎಂದು ಕೇಳುವವರಿಲ್ಲ, ಎಷ್ಟು ಟಿಕೆಟ್ (ದಂಡದ ಚೀಟಿ) ಆಯಿತು ಎನ್ನುವುದೇ ಮುಖ್ಯವಾಗುತ್ತದೆ.

ವಾಲ್ಡೊದಲ್ಲಿ ಆದದ್ದು ಅದೇ. ಸುಮಾರು ಸಾವಿರ ಜನರ ಊರು, ಏಳು ಜನ ಪೊಲೀಸರು. 2013ರ ಒಂದೇ ವರ್ಷದಲ್ಲಿ ಹತ್ತಿರಹತ್ತಿರ 12,000 ಟಿಕೆಟ್, 4 ಲಕ್ಷ ಡಾಲರಿಗೂ ಮೀರಿದ ದಂಡ. ಎರಡು ಮೈಲಿಯಷ್ಟು ರಸ್ತೆಯಲ್ಲಿ ವೇಗಮಿತಿ ಆರು ಸಲ ಬದಲಾಗುತ್ತಿತ್ತು: 65ರಿಂದ ಮೆಟ್ಟಿಲು ಮೆಟ್ಟಿಲಾಗಿ 35ಕ್ಕೆ ಇಳಿದು ಮತ್ತೆ ಏರುವುದು. 2014ರ ಆಗಸ್ಟಿನಲ್ಲಿ ಅದೇ ಇಲಾಖೆಯ ಪೊಲೀಸರು ಊರ ಸಭೆಯ ಮುಂದೆ ನಿಂತು, 12 ಗಂಟೆಯ ಪಾಳಿಗೆ 12 ಟಿಕೆಟ್ ಬರೆಯಲೇಬೇಕೆಂದು ನಮಗೆ ಗುರಿ ಕೊಟ್ಟಿದ್ದಾರೆ ಎಂದು ಬಾಯಿಬಿಟ್ಟರು. ಹಾಗೆ ಗುರಿ ಕೊಡುವುದು ಫ್ಲೋರಿಡಾದಲ್ಲಿ ಕಾನೂನುಬಾಹಿರ. ಸೆಪ್ಟೆಂಬರ್ ಕೊನೆಗೆ ಊರ ಸಭೆ ತನ್ನ ಪೊಲೀಸ್ ಇಲಾಖೆಯನ್ನೇ ಮುಚ್ಚಿತು. ನೌಕರಿ ಪಣಕ್ಕಿಟ್ಟು ಮಾತಾಡಿದ ಆ ಪೊಲೀಸರ ಧೈರ್ಯವನ್ನು ಈ ಚರ್ಚೆಯಲ್ಲಿ ಯಾರೂ ಮರೆಯಬಾರದು.

ಹ್ಯಾಂಪ್ಟನ್ನಿನದು ಇನ್ನೂ ವಿಚಿತ್ರ. 477 ಜನರ ಊರು, ಹೆದ್ದಾರಿಯಿಂದ ಒಳಗಿದೆ. ತೊಂಬತ್ತರ ದಶಕದಲ್ಲಿ 301ರ 1,260 ಅಡಿ ತುಂಡೊಂದನ್ನು ಊರ ಗಡಿಗೆ ಸೇರಿಸಿಕೊಂಡರು, ಅಲ್ಲಿ ವೇಗ ಅಳೆಯುವ ರಾಡಾರ್ ಇಟ್ಟುಕೊಂಡು ಕೂತರು. ಗಂಟೆಗೆ 60 ಮೈಲಿಯಲ್ಲಿ ಹೋದರೆ ಅಷ್ಟು ದೂರ ದಾಟಲು ಹದಿನಾಲ್ಕು ಸೆಕೆಂಡು ಸಾಕು. 2014ರಲ್ಲಿ ರಾಜ್ಯದ ಲೆಕ್ಕಪರಿಶೋಧಕರು 31 ಲೋಪಗಳನ್ನು ಎತ್ತಿ ತೋರಿಸಿದಾಗ ಊರಿನ ಅಸ್ತಿತ್ವವನ್ನೇ ರದ್ದು ಮಾಡುವ ಮಾತು ವಿಧಾನಮಂಡಲದಲ್ಲಿ ಎದ್ದಿತು. ಪೊಲೀಸ್ ಇಲಾಖೆ ಮುಚ್ಚಿ, ಆ ರಸ್ತೆ ತುಂಡನ್ನು ಬಿಟ್ಟುಕೊಟ್ಟ ಮೇಲೆ ಊರು ಉಳಿಯಿತು. 2015ರಲ್ಲಿ ಫ್ಲೋರಿಡಾ ತಂದ ಕಾನೂನು ಟಿಕೆಟ್ ಗುರಿಯನ್ನು ಇನ್ನೊಮ್ಮೆ ಸ್ಪಷ್ಟವಾಗಿ ನಿಷೇಧಿಸಿತು. ಪೊಲೀಸ್ ಇಲಾಖೆ ನಡೆಸುವ ಖರ್ಚಿನ ಶೇ. 33ಕ್ಕಿಂತ ಹೆಚ್ಚು ಟಿಕೆಟ್ ಹಣ ಬಂದರೆ ವಿಧಾನಮಂಡಲದ ಲೆಕ್ಕಪತ್ರ ಸಮಿತಿಗೆ ವರದಿ ಒಪ್ಪಿಸಬೇಕು ಎಂದೂ ಹೇಳಿತು. ವರದಿ ಒಪ್ಪಿಸಿದರೆ ಸಾಕು, ಹಣ ಊರಲ್ಲೇ ಉಳಿಯುತ್ತದೆ. ಇದು ನನಗೆ ಅರೆಮನಸ್ಸಿನ ಔಷಧಿ ಅನ್ನಿಸುತ್ತದೆ.

ಟೆಕ್ಸಸ್ಸಿನವರು ಬೇರಿಗೇ ಕೈಹಾಕಿದ್ದಾರೆ. ಅಲ್ಲಿ 5,000ಕ್ಕಿಂತ ಕಡಿಮೆ ಜನರಿರುವ ಊರಿನ ಆದಾಯದಲ್ಲಿ ಸಂಚಾರ ದಂಡದ ಪಾಲು ಶೇ. 30 ದಾಟಿದರೆ, ಆಮೇಲಿನ ಪ್ರತಿ ಟಿಕೆಟ್ಟಿನಲ್ಲಿ ಊರಿಗೆ ಉಳಿಯುವುದು ಒಂದೇ ಡಾಲರ್. ಮಿಕ್ಕದ್ದು ರಾಜ್ಯದ ಬೊಕ್ಕಸಕ್ಕೆ. ಮಿಸ್ಸೂರಿಯ ಮ್ಯಾಕ್ಸ್ ಕ್ರೀಕ್ ಎಂಬ ಪುಟ್ಟ ಊರಿನ ಕಾಟ ತಡೆಯಲಾಗದೆ 1995ರಲ್ಲಿ ಊರ ಆದಾಯದಲ್ಲಿ ದಂಡದ ಪಾಲಿಗೆ ಶೇ. 45ರ ಮಿತಿ ಬಂತು, ನಂತರ ಅದು 35ಕ್ಕೆ, 2015ರಲ್ಲಿ 20ಕ್ಕೆ ಇಳಿಯಿತು. ಆ ಊರು ದಿವಾಳಿಯೆದ್ದು, 2012ರಲ್ಲಿ ತನ್ನ ಪುರಸಭೆಯನ್ನೇ ವಿಸರ್ಜಿಸಿಕೊಂಡಿತು.

ದಂಡ ಹಾಕುವವನಿಗೇ ಅದರ ಹಣ ಸೇರಬಹುದೇ ಎಂಬ ನ್ಯಾಯದ ಪ್ರಶ್ನೆಗೆ ನ್ಯಾಯಾಲಯ ಎಂದೋ ಉತ್ತರ ಕೊಟ್ಟಿದೆ. 1927ರ ಟ್ಯೂಮಿ ಮೊಕದ್ದಮೆಯಲ್ಲಿ ಓಹಿಯೋದ ಒಂದು ಹಳ್ಳಿಯ ಮೇಯರೇ ನ್ಯಾಯಾಧೀಶ. ಆರೋಪಿಗೆ 100 ಡಾಲರ್ ದಂಡ ಹಾಕಿದರೆ ಮೇಯರನ ಜೇಬಿಗೆ 12 ಡಾಲರ್. ಶಿಕ್ಷೆ ಕೊಟ್ಟರೆ ಮಾತ್ರ ಹಣ, ಬಿಟ್ಟರೆ ಇಲ್ಲ. ಅಮೆರಿಕದ ಸುಪ್ರೀಂ ಕೋರ್ಟು ಇದನ್ನು ತಳ್ಳಿಹಾಕಿತು. 1972ರಲ್ಲಿ ಅದೇ ಓಹಿಯೋದ ಮನ್ರೋವಿಲ್ ಹಳ್ಳಿಯ ಸಂಚಾರ ದಂಡದ ಪ್ರಕರಣ ಬಂದಾಗ ಒಂದು ಹೆಜ್ಜೆ ಮುಂದೆ ಹೋಯಿತು. ಹಣ ಮೇಯರನ ಜೇಬಿಗೆ ಹೋಗದಿದ್ದರೂ, ಅವನು ನೋಡಿಕೊಳ್ಳುವ ಊರ ಖಜಾನೆಗೆ ದೊಡ್ಡ ಪಾಲು ಹೋಗುತ್ತಿದ್ದರೆ ಅವನು ನಿಷ್ಪಕ್ಷಪಾತಿ ಆಗಲಾರ ಎಂದಿತು. ಈ ತರ್ಕ ತೀರ್ಪು ಕೊಡುವವನಿಗೆ ಮಾತ್ರ ಅನ್ವಯಿಸಿತು. ರಸ್ತೆ ಪಕ್ಕ ರಾಡಾರ್ ಹಿಡಿದು ಕೂತವನಿಗೂ ಅನ್ವಯಿಸಬೇಕಿತ್ತು.

ಇನ್ನು ರಸ್ತೆಯ ಮೇಲೆ ನಿಜವಾಗಿ ಏನಾಗುತ್ತದೆ ನೋಡೋಣ. 65 ಮೈಲಿ ಎಂದರೆ ನಮ್ಮ ಲೆಕ್ಕದಲ್ಲಿ ಗಂಟೆಗೆ 105 ಕಿಲೋಮೀಟರ್, ಸೆಕೆಂಡಿಗೆ 29 ಮೀಟರ್. 35 ಮೈಲಿ ಅಂದರೆ 56 ಕಿಲೋಮೀಟರ್, ಸೆಕೆಂಡಿಗೆ 15.6 ಮೀಟರ್. ಆಕ್ಸಿಲರೇಟರಿನಿಂದ ಕಾಲು ತೆಗೆದು ಸುಮ್ಮನೆ ಬಿಟ್ಟರೆ ಕಾರು ಸೆಕೆಂಡಿಗೆ ಸುಮಾರು 0.6 ಮೀಟರಿನಂತೆ ವೇಗ ಕಳೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. 65ರಿಂದ 35ಕ್ಕೆ ಬರಲು ಹತ್ತಿರಹತ್ತಿರ ಅರ್ಧ ಕಿಲೋಮೀಟರ್ ಬೇಕು. ಹದವಾಗಿ ಬ್ರೇಕ್ ಒತ್ತಿದರೆ 200 ಮೀಟರ್. ಹೆಚ್ಚಿನವರು ಸಿಕ್ಕಿಬೀಳುವುದು ಈ ಅಂತರದಲ್ಲೇ. ಮಿತಿ ಫಲಕದಿಂದಲೇ ಜಾರಿಗೆ ಬರುತ್ತದೆ, ಫಲಕ ಕಂಡ ಮೇಲೆ ನಿಧಾನಿಸಲು ಶುರು ಮಾಡಿದರೆ ಅದಾಗಲೇ ತಡ. ಮಿತಿ 10 ಮೈಲಿಗಿಂತ ಹೆಚ್ಚು ಇಳಿಯುವ ಕಡೆ 'ಮುಂದೆ ಕಡಿಮೆ ವೇಗಮಿತಿ' ಎಂಬ ಹಳದಿ ಫಲಕ ಮೊದಲೇ ಇರಬೇಕೆಂದು ಕೇಂದ್ರದ ರಸ್ತೆ ಸಂಜ್ಞೆಗಳ ಕೈಪಿಡಿ ಹೇಳುತ್ತದೆ. ಕಾಲು ತೆಗೆಯಬೇಕಾದದ್ದು ಆ ಹಳದಿ ಫಲಕದಲ್ಲಿ. ಹತ್ತತ್ತು ಮೈಲಿಯಂತೆ ಮೆಟ್ಟಿಲಿಳಿಸಿದರೆ ಆ ನಿಯಮಕ್ಕೆ ಸಿಗದೆ ನುಣುಚಿಕೊಳ್ಳಬಹುದು ಎನ್ನುವುದನ್ನೂ ಗಮನಿಸಿ.

ಜಾರ್ಜಿಯಾ ರಾಜ್ಯದ ಕಾನೂನು ಈ ವಿಷಯದಲ್ಲಿ ನನಗೆ ಹಿಡಿಸುತ್ತದೆ. ಅಲ್ಲಿ ರಾಡಾರ್ ಹಿಡಿದ ಪೊಲೀಸ್ ಕಾರು ಎದುರಿನಿಂದ ಬರುವವರಿಗೆ ಕನಿಷ್ಠ 500 ಅಡಿ ದೂರದಿಂದ ಕಾಣಬೇಕು. ಶೇ. 7ಕ್ಕಿಂತ ಕಡಿದಾದ ಇಳಿಜಾರಿನಲ್ಲಿ ರಾಡಾರ್ ಹಿಡಿಯುವಂತಿಲ್ಲ. ಶಾಲೆ, ವಸತಿ ಪ್ರದೇಶದಂಥ ಕೆಲವು ಕಡೆ ಬಿಟ್ಟರೆ ಮಿತಿಗಿಂತ 10 ಮೈಲಿ ಮೀರದೆ ಊರಿನ ರಾಡಾರ್ ಟಿಕೆಟ್ ನಿಲ್ಲುವುದಿಲ್ಲ. ಕ್ಯಾಲಿಫೋರ್ನಿಯಾ ಇನ್ನೊಂದು ದಾರಿ ಹಿಡಿದಿದೆ: ಎಂಜಿನಿಯರುಗಳು ಸಮೀಕ್ಷೆ ಮಾಡಿ ಸಮರ್ಥಿಸದ ವೇಗಮಿತಿಯನ್ನು ರಾಡಾರಿನಿಂದ ಜಾರಿ ಮಾಡಿದರೆ ಅದನ್ನು ಕಾನೂನೇ 'ಸ್ಪೀಡ್ ಟ್ರ್ಯಾಪ್' ಎಂದು ಕರೆಯುತ್ತದೆ, ಆ ಸಾಕ್ಷ್ಯ ನಡೆಯುವುದಿಲ್ಲ. ಮಿತಿ ಯಾಕೆ ಅಷ್ಟು ಎಂದು ಊರು ಲೆಕ್ಕ ಕೊಡಬೇಕು. ಇದಕ್ಕಿಂತ ನ್ಯಾಯವಾದ ಷರತ್ತು ಯಾವುದಿದೆ?

ರಾಡಾರಿನ ಬಗ್ಗೆ ತಪ್ಪು ಕಲ್ಪನೆ ಬಹಳ. ನಿಂತ ಕಾರಿನಿಂದ ಓರೆಯಾಗಿ ಅಳೆದರೆ ಓದು ನಿಜವಾದ ವೇಗಕ್ಕಿಂತ ಕಡಿಮೆಯೇ ಬರುತ್ತದೆ. 10 ಡಿಗ್ರಿ ಓರೆಯಿದ್ದರೆ 60 ಮೈಲಿ 59 ಆಗಿ ಕಾಣುತ್ತದೆ, ಅಂದರೆ ಚಾಲಕನಿಗೇ ಲಾಭ. ಆದ್ದರಿಂದ 'ಓರೆಯಾಗಿ ಹಿಡಿದಿದ್ದರು' ಎಂಬ ವಾದ ನ್ಯಾಯಾಲಯದಲ್ಲಿ ಕೆಲಸಕ್ಕೆ ಬರುವುದಿಲ್ಲ. ಪೊಲೀಸ್ ಕಾರು ಚಲಿಸುತ್ತ ಎದುರಿನ ವಾಹನ ಅಳೆಯುವಾಗ ಮಾತ್ರ ತೊಂದರೆ ಉಲ್ಟಾ ಆಗಬಹುದು. ಯಂತ್ರ ಎರಡೂ ವೇಗ ಕೂಡಿದ ಮೊತ್ತ ಹಿಡಿದು, ಅದರಿಂದ ತನ್ನ ಕಾರಿನ ವೇಗ ಕಳೆಯುತ್ತದೆ. ಮುಂದೆ ಹೋಗುವ ಲಾರಿಯ ಹಿಂಬದಿಯನ್ನು ನೆಲವೆಂದು ತಿಳಿದು ತನ್ನ ವೇಗವನ್ನು 10 ಮೈಲಿ ಕಡಿಮೆ ಎಣಿಸಿದರೆ, ಆ ಹತ್ತೂ ನಿಮ್ಮ ಲೆಕ್ಕಕ್ಕೆ ಬೀಳುತ್ತದೆ. ಇನ್ನೊಂದು ತೊಂದರೆ ಕಿರಣದ ಅಗಲದ್ದು. ಸಾವಿರ ಅಡಿ ದೂರದಲ್ಲಿ ರಾಡಾರ್ ಕಿರಣ ರಸ್ತೆಯ ಎಲ್ಲ ಲೇನುಗಳನ್ನೂ ಮುಚ್ಚಿರುತ್ತದೆ, ಲೇಸರ್ ಕಿರಣ ಮಾತ್ರ ಮೂರು ಅಡಿಯಷ್ಟೇ. ರಾಡಾರಿನಲ್ಲಿ ನಾಲ್ಕು ಕಾರು ಒಟ್ಟಿಗೆ ಬಂದರೆ ಸಂಖ್ಯೆ ಯಾವುದರದೆಂದು ಯಂತ್ರ ಹೇಳಲಾರದು. ಆದ್ದರಿಂದಲೇ ಫ್ಲೋರಿಡಾ ಕಾನೂನಿನ ಪ್ರಕಾರ ಪೊಲೀಸ್ ಮೊದಲು ಕಣ್ಣಳತೆಯಲ್ಲಿ ಈ ಕಾರು ಮಿತಿ ಮೀರಿದೆ ಎಂದು ಸ್ವತಂತ್ರವಾಗಿ ನಿರ್ಧರಿಸಿರಬೇಕು, ರಾಡಾರ್ ತರಬೇತಿ ಪಡೆದಿರಬೇಕು, ಯಂತ್ರವನ್ನು ಹಿಂದಿನ ಆರು ತಿಂಗಳೊಳಗೆ ಪರೀಕ್ಷಿಸಿದ ಪ್ರಮಾಣಪತ್ರ ಇರಬೇಕು. ಟಿಕೆಟ್ ಒಪ್ಪದೆ ವಿಚಾರಣೆಗೆ ಹೋಗುವವರು ಕೇಳಬೇಕಾದದ್ದು ಈ ಮೂರನ್ನೇ.

ಊರಿನಿಂದ ಬಂದ ಹೊಸಬರಿಗೆ ಒಂದು ಮಾತು. ಕರ್ನಾಟಕದಲ್ಲಿ ಪೊಲೀಸರು ಕೈ ತೋರಿಸಿದರೆ ಇಳಿದು ಹೋಗಿ ಮಾತಾಡುವ ರೂಢಿ. ಅಮೆರಿಕದಲ್ಲಿ ಇಳಿಯಲೇಬೇಡಿ. ಹಿಂದೆ ದೀಪ ಮಿನುಗಿದರೆ ಬಲಕ್ಕೆ ಸರಿದು ನಿಲ್ಲಿಸಿ, ಕಿಟಕಿ ಇಳಿಸಿ, ಎರಡೂ ಕೈ ಸ್ಟಿಯರಿಂಗ್ ಮೇಲೆ ಕಾಣುವಂತೆ ಇಡಿ, ಕೇಳಿದ ಮೇಲಷ್ಟೇ ಲೈಸೆನ್ಸಿಗೆ ಕೈಹಾಕಿ. ಸ್ಥಳದಲ್ಲೇ ದುಡ್ಡಿನ ಮಾತು ಎತ್ತಬಾರದು, ಅದು ಲಂಚದ ಅಪರಾಧವಾಗಬಹುದು. ಟಿಕೆಟ್ಟಿಗೆ ಸಹಿ ಹಾಕುವುದು ತಪ್ಪೊಪ್ಪಿಗೆ ಅಲ್ಲ.

ಫ್ಲೋರಿಡಾದಲ್ಲಿ ಮಿತಿಗಿಂತ 5 ಮೈಲಿವರೆಗೆ ಮೀರಿದರೆ ಬರೀ ಎಚ್ಚರಿಕೆ. 6ರಿಂದ 9ಕ್ಕೆ ಮೂಲ ದಂಡ 25 ಡಾಲರ್, 10ರಿಂದ 14ಕ್ಕೆ 100, 15ರಿಂದ 19ಕ್ಕೆ 150, 20ರಿಂದ 29ಕ್ಕೆ 175, 30ರಿಂದ 49ಕ್ಕೆ 250. ಕೋರ್ಟ್ ಶುಲ್ಕ ಸೇರಿ ಕಟ್ಟಬೇಕಾದ ಮೊತ್ತ ಇದಕ್ಕಿಂತ ಬಹಳ ಹೆಚ್ಚು, ಶಾಲಾ ವಲಯದಲ್ಲಿ ದಂಡ ಇಮ್ಮಡಿ. ಉತ್ತರಕ್ಕೆ 30 ದಿನ ಗಡುವು. ದಂಡ ಕಟ್ಟಿ ಸುಮ್ಮನಾದರೆ ಲೈಸೆನ್ಸಿನ ಮೇಲೆ ತಪ್ಪಿನ ಲೆಕ್ಕದ 3 ಅಥವಾ 4 ಪಾಯಿಂಟ್ ಬೀಳುತ್ತದೆ, 12 ತಿಂಗಳಲ್ಲಿ 12 ಆದರೆ 30 ದಿನ ಲೈಸೆನ್ಸ್ ಅಮಾನತು. ದಂಡದ ಜೊತೆಗೆ ನಾಲ್ಕು ಗಂಟೆಯ ಚಾಲನಾ ಪಾಠ ಆಯ್ದುಕೊಂಡರೆ ಪಾಯಿಂಟ್ ಬೀಳದು, ಆದರೆ ವರ್ಷಕ್ಕೊಮ್ಮೆ ಮಾತ್ರ ಆ ಅವಕಾಶ. ಅಥವಾ ವಿಚಾರಣೆ ಕೇಳಬಹುದು. ಮೂರರಲ್ಲಿ ಯಾವುದನ್ನೂ ಮಾಡದೆ ಮರೆತರೆ ಲೈಸೆನ್ಸ್ ಅಮಾನತಾಗುತ್ತದೆ, ಅದು ಗೊತ್ತಿದ್ದೂ ಕಾರು ಓಡಿಸಿ ಸಿಕ್ಕರೆ ಕ್ರಿಮಿನಲ್ ಪ್ರಕರಣ. ಬಸ್ಸೇ ಇಲ್ಲದ ಸೀಮೆಯಲ್ಲಿ ಗಂಟೆ ಕೂಲಿಯ ಮೇಲೆ ಬದುಕುವವರಿಗೆ ನೂರಾರು ಡಾಲರಿನ ಒಂದು ಟಿಕೆಟ್ ಹೀಗೆ ಕೆಲಸ ಕಳೆದುಕೊಳ್ಳುವವರೆಗೆ ಎಳೆದೊಯ್ಯುತ್ತದೆ. ಅದೇ ಟಿಕೆಟ್ ಉಳ್ಳವರಿಗೆ ಒಂದು ಸಂಜೆಯ ಊಟದ ಖರ್ಚು. ದಂಡದ ಮೊತ್ತ ಎಲ್ಲರಿಗೂ ಒಂದೇ ಎಂಬ ಸಮಾನತೆ ನನಗೆ ಸಮಾನತೆಯಾಗಿ ಕಾಣುವುದಿಲ್ಲ.

ನಮ್ಮಲ್ಲಿ ಪುರಸಭೆಗಳಿಗೆ ಸ್ವಂತ ಪೊಲೀಸರಿಲ್ಲ, ಸಂಚಾರ ದಂಡ ರಾಜ್ಯದ ಖಜಾನೆಗೆ ಹೋಗುತ್ತದೆ. ಹಾಗಾಗಿ ವಾಲ್ಡೊದ ರೋಗ ಅದೇ ರೂಪದಲ್ಲಿ ನಮಗೆ ತಗಲುವುದಿಲ್ಲ. ಆದರೆ 2023ರ ಫೆಬ್ರುವರಿಯಲ್ಲಿ, ಮತ್ತೆ 2025ರ ಆಗಸ್ಟ್–ಸೆಪ್ಟೆಂಬರಿನಲ್ಲಿ, ಕರ್ನಾಟಕ ಸರ್ಕಾರ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತು. ನೋಟಿಸು ಬಂದ ವಾರವೇ ಪೂರ್ತಿ ಕಟ್ಟಿದವರಿಗೆ ಏನೂ ಸಿಗಲಿಲ್ಲ. ಬಾಕಿ ವಸೂಲಿಗೆ ರಿಯಾಯಿತಿಯ ಬದಲು ಕಂತುಗಳನ್ನು ಕೊಡಬಹುದಿತ್ತು, ಕಡಿಮೆ ಆದಾಯದವರಿಗಂತೂ ಕೊಡಲೇಬೇಕು.