ಎಳ್ಳು ಬೀರೋಕೆ ಮಕ್ಕಳ ಕೈಯ ಪೊಟ್ಟಣ

ಕ್ರಿಸ್ಮಸ್ ರಜೇಲಿ ಮಕ್ಕಳಿಬ್ರೂ ಮನೇಲೇ ಇದ್ರಲ್ಲ, ಈ ಸಲ ಸಂಕ್ರಾಂತಿಗೆ ಪ್ಲಾಸ್ಟಿಕ್ ಡಬ್ಬಿ ತರೋದೇ ಬೇಡ ಅಂತ ಎಳ್ಳು ಬೀರೋ ಪೊಟ್ಟಣ ಮಾಡೋ ಕೆಲಸ ಅವರಿಗೇ ಕೊಟ್ಟೆ. ದೊಡ್ಡವಳಿಗೆ 7, ಚಿಕ್ಕವನಿಗೆ 4.

ಡ್ರಾಯಿಂಗ್ ಶೀಟ್ ಮೇಲೆ ಬೆಂಡೆಕಾಯಿ ಅಚ್ಚು ಹಾಕಿಸಿದೆ. ತೊಟ್ಟಿನ ಹತ್ರ ದಪ್ಪಗೆ ಅಡ್ಡ ಕತ್ತರಿಸಿದ್ರೆ ಐದು ಎಸಳಿನ ಹೂವು ಸಿಗತ್ತೆ, ಆದ್ರೆ ಲೋಳೆ ಒರೆಸ್ಕೊಬೇಕು ಇಲ್ಲಾಂದ್ರೆ ಬಣ್ಣ ಹರಡ್ಕೊಳತ್ತೆ. ಬಣ್ಣಕ್ಕೆ ಅರಿಶಿನ ಕಲಸಿದ ನೀರು, ಬೀಟ್‌ರೂಟ್ ರಸ ಅಷ್ಟೇ, ಚಿಕ್ಕವನು ಬೆರಳು ಬಾಯಿಗಿಟ್ರೂ ಭಯ ಇಲ್ಲ. ಒಣಗಿದ್ಮೇಲೆ ಶಂಕುವಿನ ಥರ ಸುತ್ತಿ ಮೈದಾ ಅಂಟು ಹಚ್ಚಿದ್ವಿ, ಒಳಗೊಂದು ಬಟರ್ ಪೇಪರ್, ಯಾಕಂದ್ರೆ ಬೆಲ್ಲ, ಕೊಬ್ಬರಿ ಜಿಡ್ಡು ಬಿಡತ್ತೆ.

ಚಿಕ್ಕವನ ಹೂಗಳೆಲ್ಲ ಒಂದರ ಮೇಲೊಂದು ಬಿದ್ದಿವೆ, ನಂಗೆ ಅವೇ ಜಾಸ್ತಿ ಇಷ್ಟ, ದಯವಿಟ್ಟು ಯಾರೂ ಮಕ್ಕಳ ಕೆಲಸನ ತಿದ್ದೋಕೆ ಹೋಗ್ಬೇಡಿ. ಒಟ್ಟು 30 ಪೊಟ್ಟಣ ಆಯ್ತು. ಎಳ್ಳು, ಹುರಿಗಡಲೆ, ಕಡಲೆಬೀಜ ತುಂಬ್ಸೋದು ಹಬ್ಬದ ಬೆಳಗ್ಗೆ, ಸದ್ಯಕ್ಕೆ ಖಾಲಿ ಪೊಟ್ಟಣಗಳು ದೇವರಮನೆ ಕಪಾಟಲ್ಲಿ ಸಾಲಾಗಿ ನಿಂತಿವೆ, ಮಗಳು ದಿನಾ ಎಣಿಸ್ತಾಳೆ.